ಹರಕು ಕೌದಿ ಮತ್ತು ರಾಣಿ ಪಾರ್ಟು

ಹೋದ ಬೇಸಿಗೆಯಲ್ಲಿ ಹೊಸಪೇಟೆ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಕೆಲವರು ಸೇರಿ ಎರಡು ಸಾಕ್ಷ್ಯಚಿತ್ರ ತೋರಿಸಿದೆವು. ಗೋಡೆಗೆ ಬಿಳಿ ಪಂಚೆ, ಎರವಲು ತಂದ ಪ್ರೊಜೆಕ್ಟರು, ಹುಡುಗರಿಗೆ ಮಂಡಕ್ಕಿ. ಮೊದಲನೆಯದು ಹಳೆಯ ಕಾಲದ ದೊಡ್ಡ ಸಿನಿಮಾ ನಟನೊಬ್ಬನ ಬದುಕಿನ ಮೇಲೆ ಮಾಡಿದ್ದು. ಎರಡನೆಯದು ನಮ್ಮ ಗುಂಪಿನ ಹುಡುಗನೇ ಮೊಬೈಲಿನಲ್ಲಿ ತೆಗೆದದ್ದು. ಅದೇ ಊರಿನ ಕೇರಿಯಲ್ಲಿ ಒಬ್ಬ ತಾಯಿ ಇದ್ದಾರೆ. ವಯಸ್ಸಿನಲ್ಲಿ ಕಂಪನಿ ನಾಟಕಗಳಲ್ಲಿ ಪಾರ್ಟು ಮಾಡಿದವರು. ಅವರ ಮೇಲೆ ಇಪ್ಪತ್ತು ನಿಮಿಷದ ಚಿತ್ರ.

ಚಿತ್ರ ತೆಗೆಯುವ ದಿನ ಆ ತಾಯಿ ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದರು. ಎರಡು ರಂಗಗೀತೆ ಹಾಡಿದ್ದರು. ರಾಣಿ ದರ್ಬಾರಿಗೆ ಬರುವ ನಡಿಗೆ ಹ್ಯಾಗಿರಬೇಕು, ದಾಸಿ ಬರುವ ನಡಿಗೆ ಹ್ಯಾಗಿರಬೇಕು ಅಂತ ಅಂಗಳದಲ್ಲಿ ನಡೆದು ತೋರಿಸಿದ್ದರು. ನಮ್ಮ ಹುಡುಗ ಅದನ್ನೆಲ್ಲ ಒಂದೂವರೆ ನಿಮಿಷಕ್ಕೆ ಇಳಿಸಿ, ಉಳಿದದ್ದಕ್ಕೆಲ್ಲ ಸೋರುವ ಮಾಡು, ಗೋಡೆಯ ಬಿರುಕು, ಹರಕು ಕೌದಿ, ರೇಷನ್ ಅಕ್ಕಿ ಆರಿಸುವ ನಡುಗುವ ಕೈ ತುಂಬಿಸಿದ್ದ. ಹಿಂದೆ ದುಃಖದ ಕೊಳಲು.

ಚಿತ್ರ ಅರ್ಧವಾಗುವ ಹೊತ್ತಿಗೆ ಆ ತಾಯಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಎದ್ದು ಹೋದರು. ನಾವು ಹಿಂದೆ ಓಡಿದೆವು. ಅವರು ತಮ್ಮ ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಇದು: "ಯಪ್ಪಾ, ಮೂವತ್ತು ವರ್ಸ ರಾಣಿ ಪಾರ್ಟು ಮಾಡೀನಿ. ಅದನ್ನ ಬಿಟ್ಟು ನನ್ನ ಹರಕ ಕೌದಿ ಊರಿಗೆಲ್ಲ ತೋರ್ಸೀರಲ್ಲೋ. ಆ ದೊಡ್ಡ ನಟಂದು ಹರಕ ಕೌದಿ ಇರಲಿಲ್ಲೇನು? ಅವರ್ಯಾರೂ ಅದನ್ನ ತೋರಿಸಲಿಲ್ಲಲ್ಲ?"

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ವರ್ಷಗಟ್ಟಲೆ ಶೋಷಣೆ, ಸಂಸ್ಕೃತಿ, ಬಂಡಾಯ ಅಂತ ಭಾಷಣ ಮಾಡಿದ ಬಾಯಿಗಳು ಕಟ್ಟಿಹೋದವು. ಈ ಬರಹ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಹುಡುಕುವ ಪ್ರಯತ್ನ. ಉತ್ತರ ಪೂರ್ತಿ ಸಿಕ್ಕಿದೆ ಅಂತ ನಾವು ಹೇಳುವುದಿಲ್ಲ.

*

ಮೊದಲು ದೊಡ್ಡ ನಟರ ಚಿತ್ರಗಳ ಮಾತು. ನಮ್ಮಂಥವರು ಬಹಳ ಕಾಲ ಇದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದೆವು: ಸಿನಿಮಾ ಅಂದರೆ ಬಡವನ ಜೇಬಿನ ದುಡ್ಡನ್ನೂ ತಲೆಯ ಬುದ್ಧಿಯನ್ನೂ ಒಟ್ಟಿಗೇ ಕೀಳುವ ವ್ಯವಹಾರ, ನಟರ ಮೇಲಿನ ಸಾಕ್ಷ್ಯಚಿತ್ರ ಅದರ ಮಂಗಳಾರತಿ. ಇಷ್ಟು ಹೇಳಿ ಕೈ ತೊಳೆದುಕೊಂಡರೆ ಕೆಲಸ ಸುಲಭ. ಆದರೆ ಹಾಗೆ ಹೇಳಿದವರು ನಮ್ಮ ಕೇರಿಯ ಜನ ಕಂಪ್ಲಿಯ ಟೆಂಟಿನಲ್ಲಿ ನೆಲದ ಟಿಕೀಟು ತಗೊಂಡು ಕೂತು ಏನು ನೋಡುತ್ತಿದ್ದರು ಅನ್ನುವುದನ್ನು ವಿಚಾರಿಸಲಿಲ್ಲ.

ರಾಜಕುಮಾರರನ್ನೇ ತೆಗೆದುಕೊಳ್ಳಿ. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ. ಈಡಿಗರ ಮನೆ. ಅಪ್ಪ ಪುಟ್ಟಸ್ವಾಮಯ್ಯ ನಾಟಕದ ನಟರು. ಶಾಲೆ ಬೇಗ ಬಿಟ್ಟುಹೋಯಿತು, ಗುಬ್ಬಿ ಕಂಪನಿಯೇ ಶಾಲೆಯಾಯಿತು. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅವರು ತೆರೆಗೆ ಬಂದದ್ದು ಬೇಡನಾಗಿ. ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯ ತುಂಬ ಬೇಡ ನಾಯಕರ ಓಣಿಗಳಿವೆ. ಅಲ್ಲಿಯ ಮುದುಕರಿಗೆ ಆ ಚಿತ್ರ ಪುರಾಣವಾಗಿ ಕಾಣಲಿಲ್ಲ, ನಂಟನ ಮನೆಯ ಸುದ್ದಿಯಾಗಿ ಕಂಡಿತು. 1970ರಲ್ಲಿ ಬಿ.ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ' ಬಂದಾಗ ಅದೇ ಮುತ್ತುರಾಜ ಹಂಪಿಯ ಕಿರೀಟ ಹೊತ್ತುಕೊಂಡು ನಿಂತ. ಹಂಪಿಯ ಬಯಲಿನಲ್ಲಿ ದನ ಕಾಯುತ್ತಿದ್ದವನ ಮಗ ಅದನ್ನು ನೋಡಿ "ನಮ್ಮಂಥೋನೇ" ಅಂದ. ನಾಲ್ಕಕ್ಷರ ಬರೆಯಲು ಬಿಡದಿದ್ದ ಸಮಾಜದಲ್ಲಿ ಶಾಲೆ ಬಿಟ್ಟ ಒಬ್ಬ ಶೂದ್ರನ ನಾಲಿಗೆಯಲ್ಲಿ ಕನ್ನಡ ಅಷ್ಟು ಚೊಕ್ಕವಾಗಿ ಹೊರಳಿತು. ಅದು ಬರೀ ಮೋಸ ಅನ್ನುವವರು ಹಸಿವನ್ನು ಒಂದೇ ತೆರನಾಗಿ ಬಲ್ಲವರು. ಹೊಟ್ಟೆಯ ಹಸಿವಿನ ಜೊತೆಗೆ ಮಾನದ ಹಸಿವೂ ಇರುತ್ತದೆ.

ಆದ್ದರಿಂದ ಇಂಥವರ ಬದುಕಿನ ಮೇಲೆ ಚಿತ್ರ ಮಾಡಬಾರದು ಅನ್ನುವುದು ನಮ್ಮ ವಾದವಲ್ಲ. ಮಾಡಿದ ಚಿತ್ರ ಏನು ಮಾಡುತ್ತದೆ ಅನ್ನುವುದು ನಮ್ಮ ಪ್ರಶ್ನೆ.

ನಟರ ಮೇಲಿನ ಚಿತ್ರಗಳಿಗೆ ಒಂದು ಅಚ್ಚು ಇದೆ. ಮೊದಲ ಐದು ನಿಮಿಷ ಬಡತನ: ಮಣ್ಣಿನ ಗೋಡೆಯ ಮನೆ, ಗಂಜಿ, ಹರಿದ ಅಂಗಿ. ಆಮೇಲೆ ಒಬ್ಬ ದೊಡ್ಡ ಮನುಷ್ಯ ಕಣ್ಣಿಗೆ ಬಿದ್ದ, ಅವಕಾಶ ಕೊಟ್ಟ. ಆಮೇಲೆ ಒಂದು ಗಂಟೆ ಹೂಮಾಲೆ, ಕಾರು, ಪದಕ, ಸಾವಿನ ದಿನದ ಜನಸಾಗರ. ಈ ಅಚ್ಚಿನಲ್ಲಿ ಬಡತನ ಒಂದು ಮೆಟ್ಟಿಲು. ಅದನ್ನು ತುಳಿದು ಮೇಲೆ ಹೋದದ್ದರಿಂದಲೇ ಅದಕ್ಕೆ ಬೆಲೆ. ಆ ಬಡತನ ಯಾಕಿತ್ತು, ಯಾರು ಇಟ್ಟದ್ದು, ಅದೇ ಊರಿನಲ್ಲಿ ಇವತ್ತಿಗೂ ಯಾಕೆ ಇದೆ ಅಂತ ಚಿತ್ರ ಕೇಳುವುದಿಲ್ಲ. ಅದೇ ಕಂಪನಿಯಲ್ಲಿ ಅದೇ ಮುಸುರೆ ಅನ್ನ ಉಂಡು, ಅದೇ ಬಣ್ಣ ಹಚ್ಚಿ, ಮೇಲೆ ಹತ್ತದೆ ಉಳಿದವರು ಎಲ್ಲಿ ಹೋದರು? ಪರದೆ ಎಳೆದವನು, ಹಾರ್ಮೋನಿಯಂ ಹೊತ್ತವನು, ದಾಸಿ ಪಾರ್ಟಿನ ಹೆಣ್ಣುಮಗಳು? ಹತ್ತಿದವನ ಹಾಡು ಹಾಡುತ್ತ ಏಣಿ ಹಿಡಿದವರನ್ನು ಮರೆಸುವುದೇ ಈ ಅಚ್ಚಿನ ಕೆಲಸ. ನೋಡುವ ಬಡಹುಡುಗನಿಗೆ ಅದು ಹೇಳುವ ನೀತಿ ಇಷ್ಟೇ: ಪುಣ್ಯವಂತ ಆಗಿದ್ದರೆ ನೀನೂ ಹತ್ತುತ್ತಿದ್ದೆ, ಹತ್ತಲಿಲ್ಲವಾದರೆ ಅದು ನಿನ್ನ ಕರ್ಮ. ಇದನ್ನು ನಾವು ಹಿಂದೆಯೇ ಕೇಳಿದ್ದೇವೆ. ಕರ್ಮಸಿದ್ಧಾಂತ ಮನುವಿನ ಪುಸ್ತಕದಿಂದ ಎದ್ದು ಬಣ್ಣದ ರೀಲಿನಲ್ಲಿ ಕೂತಿದೆ.

ಹೆಣ್ಣಾದರೆ ಇದಕ್ಕೆ ಇನ್ನೊಂದು ಸುತ್ತು. ನಮ್ಮ ಬಳ್ಳಾರಿಯಲ್ಲೇ 1945ರಲ್ಲಿ ಹುಟ್ಟಿದವರು ನಟಿ ಜಯಂತಿ. 'ಜೇನುಗೂಡು' 1963, 'ಮಿಸ್ ಲೀಲಾವತಿ' 1965, 'ಎಡಕಲ್ಲು ಗುಡ್ಡದ ಮೇಲೆ' 1973. ಹೆಣ್ಣು ಹೀಗೂ ಮಾತಾಡಬಹುದು, ಹೀಗೂ ಇರಬಹುದು ಅಂತ ಒಂದು ಪೀಳಿಗೆಗೆ ತೋರಿಸಿದವರು. 2021ರ ಜುಲೈ 26ರಂದು ತೀರಿಕೊಂಡರು. ಇಂಥ ನಟಿಯರ ಮೇಲೆ ಟಿ.ವಿ.ಯವರು ಮಾಡುವ 'ಜೀವನಗಾಥೆ'ಗಳನ್ನು ನೋಡಿ. ಗಂಡಸು ನಟನಾದರೆ ಅವನ ಕಲೆ ಏನು ಅಂತ ಕೇಳುತ್ತಾರೆ. ಹೆಂಗಸಾದರೆ ಎಷ್ಟು ಮದುವೆ, ಯಾರ ಜೊತೆ ಸ್ನೇಹ, ಕೊನೆಗಾಲಕ್ಕೆ ಯಾರು ನೋಡಿಕೊಂಡರು ಅಂತ ಕೇಳುತ್ತಾರೆ. ಐವತ್ತು ವರ್ಷ ಮಾಡಿದ ದುಡಿಮೆ ಹಿಂದೆ, ಹಾಸಿಗೆಯ ಲೆಕ್ಕ ಮುಂದೆ.

*

ಇನ್ನೊಂದು ಅಪಾಯ ಭಕ್ತಿ. ಹೊಸಪೇಟೆ ಪುನೀತ್ ರಾಜಕುಮಾರ್ ಅಭಿಮಾನಿಗಳ ಊರು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಮರುವರ್ಷ ಊರಲ್ಲಿ ಪುತ್ಥಳಿ ನಿಂತಿತು. ಅದೇ 2022ರ ಅಕ್ಟೋಬರಿನಲ್ಲಿ ಅಮೋಘವರ್ಷ ಅವರು ನಿರ್ದೇಶಿಸಿದ 'ಗಂಧದ ಗುಡಿ' ಥೇಟರಿಗೆ ಬಂತು. ನಟನೊಬ್ಬ ವೇಷವಿಲ್ಲದೆ, ಕತೆಯಿಲ್ಲದೆ, ತಾನೇ ಆಗಿ ನಾಡಿನ ಕಾಡು ಕಡಲು ಸುತ್ತುವ ಚಿತ್ರ. ಸಾಕ್ಷ್ಯಚಿತ್ರವನ್ನು ಟಿಕೀಟು ಕೊಂಡು ನೋಡದಿದ್ದ ಜನ ಅದನ್ನು ಸಾಲುಗಟ್ಟಿ ನೋಡಿದರು, ಅತ್ತರು. ಆ ಕಣ್ಣೀರನ್ನು ನಾವು ಹಗುರ ಮಾಡುವುದಿಲ್ಲ. ಸತ್ತವನಿಗಾಗಿ ಅಳುವುದು ಮನುಷ್ಯನ ಗುಣ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ, ಇದೇ ಊರಿನಲ್ಲಿ, ಸಿನಿಮಾ ಪ್ರಚಾರಕ್ಕೆ ಬಂದ ಇನ್ನೊಬ್ಬ ನಟನ ಮೇಲೆ ಗುಂಪಿನಿಂದ ಚಪ್ಪಲಿ ತೂರಿ ಬಂತು. ಹೂವು ಎಸೆಯುವುದೂ ಚಪ್ಪಲಿ ಎಸೆಯುವುದೂ ಒಂದೇ ಕಟ್ಟೆಯ ಮೇಲೆ ನಿಂತು ಮಾಡುವ ಕೆಲಸ. ಎರಡರಲ್ಲೂ ಎದುರಿಗಿರುವವನು ಮನುಷ್ಯನಲ್ಲ, ಮೂರ್ತಿ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆ ನಮ್ಮ ಓದುಗರಿಗೆ ಗೊತ್ತು. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾದೀತು, ರಾಜಕೀಯದಲ್ಲಿ ಅದು ಅಧೋಗತಿಗೂ ಸರ್ವಾಧಿಕಾರಕ್ಕೂ ದಾರಿ ಅನ್ನುವ ಅರ್ಥದ ಮಾತು. ಅವರು ರಾಜಕೀಯದ ಬಗ್ಗೆ ಹೇಳಿದ್ದನ್ನು ನಾವು ಸಂಸ್ಕೃತಿಯ ಬಗ್ಗೆಯೂ ಹೇಳಬೇಕಾಗಿದೆ. ನಮ್ಮ ಸಂಘಟನೆಗಳ ಬಗ್ಗೆಯೂ ಹೇಳಬೇಕಾಗಿದೆ. ನಾವು ನಮ್ಮ ನಾಯಕರ ಮೇಲೆ ಮಾಡಿದ ಚಿತ್ರಗಳು, ತಂದ ವಿಶೇಷ ಸಂಚಿಕೆಗಳು ಅದೇ ಅಚ್ಚಿನವಲ್ಲವೆ? ಐದು ನಿಮಿಷ ಬಡತನ, ಒಂದು ಗಂಟೆ ಹೂಮಾಲೆ. ಕರಪತ್ರ ಅಂಟಿಸಿದವನು, ಲಾಠಿ ತಿಂದವನು, ಸಭೆಗೆ ಬಂದವರಿಗೆಲ್ಲ ರೊಟ್ಟಿ ಬಡಿದ ಅವ್ವ, ಇವರು ಯಾವ ಚಿತ್ರದಲ್ಲಿದ್ದಾರೆ?

*

ಈಗ ನಮ್ಮದೇ ಹುಡುಗನ ಚಿತ್ರಕ್ಕೆ ಬರೋಣ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನಟರ ಚಿತ್ರಗಳು ಸುಳ್ಳು, ನಾನು ಸತ್ಯ ತೋರಿಸುತ್ತೇನೆ ಅಂತ ಹೊರಟಿದ್ದ. ಆದರೆ ಏನಾಯಿತು? ದೊಡ್ಡವರ ಚಿತ್ರದಲ್ಲಿ ಬಡತನ ಐದು ನಿಮಿಷ, ವೈಭವ ಒಂದು ಗಂಟೆ. ನಮ್ಮವರ ಚಿತ್ರದಲ್ಲಿ ವೈಭವ ಒಂದೂವರೆ ನಿಮಿಷ, ಬಡತನ ಉಳಿದದ್ದೆಲ್ಲ. ಅವರಿಗೆ ಬಡತನ ಕಳೆದ ಕಾಲ, ನಮಗೆ ಬಡತನವೇ ಹೆಸರು, ಕುಲ, ಗೋತ್ರ. ಒಂದು ಸುಳ್ಳನ್ನು ತಲೆಕೆಳಗು ಮಾಡಿದರೆ ಸತ್ಯವಾಗುವುದಿಲ್ಲ, ತಲೆಕೆಳಗಾದ ಸುಳ್ಳೇ ಆಗುತ್ತದೆ.

ಈ ಸೀಮೆಗೆ ಬರುವ ಕ್ಯಾಮರಾಗಳನ್ನು ನಾವು ಬಹಳ ವರ್ಷದಿಂದ ನೋಡುತ್ತ ಬಂದಿದ್ದೇವೆ. ಹಂಪಿಗೆ ಬರುವ ಕ್ಯಾಮರಾಕ್ಕೆ ಕಲ್ಲು ಬೇಕು, ಜನ ಬೇಡ. ಕಲ್ಲಿನ ರಥದ ಮುಂದೆ ಯಾರಾದರೂ ಅಡ್ಡ ಬಂದರೆ "ಸ್ವಲ್ಪ ಸರೀರಿ" ಅನ್ನುತ್ತಾರೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2011ರ ಜುಲೈಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ವಾಸವಿದ್ದ, ಅಂಗಡಿ ಇಟ್ಟಿದ್ದ ಕುಟುಂಬಗಳ ಮನೆಗಳಿಗೆ ಜೆ.ಸಿ.ಬಿ. ಬಂತು. "ಸ್ವಲ್ಪ ಸರೀರಿ" ಅನ್ನುವುದು ಅಲ್ಲಿಗೆ ಬಂದು ಮುಟ್ಟಿತು. ಸಂಡೂರಿಗೆ ಬರುವ ಕ್ಯಾಮರಾಕ್ಕೆ ಕೆಂಪು ದೂಳು ಬೇಕು. ಅದಿರಿನ ಲೂಟಿಯ ಮೇಲೆ 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ದಿನಗಳಲ್ಲಿ ಎಷ್ಟು ಕ್ಯಾಮರಾ ಬಂದವು! ಅದಿರು ಹೊರುವವನ ಕೆಂಪು ಮುಖ ಎಲ್ಲ ಪತ್ರಿಕೆಯಲ್ಲಿ ಬಂತು. ಅವನ ಹೆಸರೇನು, ಮನೆಯಲ್ಲಿ ಏನು ಹಾಡುತ್ತಾನೆ, ಗಣಿ ಬಗ್ಗೆ ಅವನ ಅಭಿಪ್ರಾಯವೇನು, ಯಾರೂ ಕೇಳಲಿಲ್ಲ. ಅದೇ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕೂರಿಸಿ ಮಾಡುವ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಬಟ್ಟೆಯ ಚಿತ್ರ ಬರುತ್ತದೆ, ಸೂಜಿ ಹಿಡಿದವಳ ಲೆಕ್ಕಾಚಾರ, ಕಣ್ಣಿನ ನೋವು, ಕೂಲಿಯ ಜಗಳ ಬರುವುದಿಲ್ಲ.

ಹಂಪಿಯಲ್ಲಿ ಜನ ಬೇಡ, ಸಂಡೂರಿನಲ್ಲಿ ಬರೀ ಗಾಯ ಬೇಕು. ಎರಡು ಕಡೆಯೂ ಮನುಷ್ಯ ಪೂರ್ತಿಯಾಗಿ ಬೇಡ.

*

ಕನ್ನಡದಲ್ಲಿ ಇಂಥ ಚಿತ್ರಕ್ಕೆ ಸಾಕ್ಷ್ಯಚಿತ್ರ ಅನ್ನುತ್ತೇವೆ. ಈ ಮಾತು ಸಣ್ಣದಲ್ಲ. ಸಾಕ್ಷಿ ಅಂದರೇನು ಅಂತ ನಮ್ಮ ಜನಕ್ಕೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದದ್ದರಿಂದ. ಕಣ್ಣಾರೆ ಕಂಡವರು ಕಂಡಿಲ್ಲ ಅನ್ನಬೇಕಾಯಿತು. ಯಾಕೆ ಅಂತ ಕೇಳುವವರು ಒಂದು ದಿನ ಆ ಊರಲ್ಲಿ ಬಾಳಿ ನೋಡಲಿ.

ಇನ್ನೊಂದು ನಮಗೆ ಹತ್ತಿರದ್ದು. ಕಂಪ್ಲಿಯಿಂದ ಹೊಳೆ ದಾಟಿದರೆ ಗಂಗಾವತಿ. 2014ರ ಆಗಸ್ಟ್ ಕೊನೆಯಲ್ಲಿ ಆ ಊರಿನ ಸಿನಿಮಾ ಥೇಟರಿನಲ್ಲಿ ಹುಟ್ಟಿದ ಜಗಳವೊಂದು ಮರಕುಂಬಿಯ ದಲಿತ ಕೇರಿಗೆ ಬೆಂಕಿಯಾಗಿ ಬಂತು. ತೆರೆಯ ಮೇಲೆ ಬಡವರ ಪರ ಹೊಡೆದಾಡುವ ನಾಯಕ, ತೆರೆಯ ಹೊರಗೆ ಬಡವರ ಗುಡಿಸಿಲಿಗೆ ಕೊಳ್ಳಿ. ಹತ್ತು ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು, ಅದರಲ್ಲಿ 98 ಜನಕ್ಕೆ ಜೀವಾವಧಿ. ಮರುತಿಂಗಳೇ ಬಹುಪಾಲು ಜನಕ್ಕೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ಆ ಹತ್ತು ವರ್ಷ ಬೆದರಿಕೆಯ ನಡುವೆ ಮಾತು ಬದಲಿಸದೆ ನಿಂತವರಿದ್ದಾರಲ್ಲ, ಅವರು ಸಾಕ್ಷಿಗಳು.

ಈ ಅಳತೆಗೋಲು ಹಿಡಿದು ನಟರ ಮೇಲಿನ ಚಿತ್ರಗಳನ್ನು ನೋಡಿ. ಅಲ್ಲಿ ಮಾತಾಡುವ ಮಗ, ಅಳಿಯ, ನಿರ್ಮಾಪಕ, ಮಂತ್ರಿ ಇವರಿಗೆ ಆ ಮಾತಿನಿಂದ ಕಳೆದುಕೊಳ್ಳುವುದೇನೂ ಇಲ್ಲ. ಹೇಳುವವನಿಗೆ ಯಾವ ಖರ್ಚೂ ಇಲ್ಲದ ಮಾತು ಸಾಕ್ಷಿಯಲ್ಲ, ಹೊಗಳಿಕೆ. ಹೊಗಳಿಕೆಗೆ ಬೇರೆ ಹೆಸರಿಡಿ, ತಕರಾರಿಲ್ಲ. ಸಾಕ್ಷಿ ಅನ್ನುವ ಹೆಸರು ಕೊಡಬೇಡಿ.

ಇದರ ಇನ್ನೊಂದು ಮಗ್ಗುಲು ನಮಗೆ ಕುಟುಕುವಂಥದು. ಬಡವರನ್ನು ಕ್ಯಾಮರಾದ ಮುಂದೆ ಕೂರಿಸಿದರೆ ಅವರ ಮಾತಿಗೆ ಖರ್ಚು ಇದ್ದೇ ಇದೆ. ಆ ಖರ್ಚು ಕಟ್ಟುವವರು ಯಾರು? ಚಿತ್ರ ತೆಗೆದ ನಾವು ಬಸ್ಸು ಹತ್ತಿ ಹೋಗುತ್ತೇವೆ. ಊರಿನಲ್ಲಿ ಉಳಿಯುವವರು ಅವರು. ಆ ತಾಯಿಯ ಹರಕು ಕೌದಿಯನ್ನು ನೋಡಿದ ಮರುದಿನ ನಲ್ಲಿ ಹತ್ತಿರ ಹೆಂಗಸರು ಆಡಿದ ಮಾತು ಕೇಳಿದ್ದು ನಾವಲ್ಲ, ಅವರು.

*

ಹಾಗಾದರೆ ಚಿತ್ರವೇ ಬೇಡವೆ? ಇಲ್ಲಿ ಎರಡು ಹೆಂಗಸರ ಕತೆ ನೆನಪಿಗೆ ಬರುತ್ತದೆ.

ಮೊದಲನೆಯವರು ಮಾರ್ಲೀನ್ ಡೀಟ್ರಿಚ್, ಹಿಂದಿನ ಕಾಲದ ಜಗತ್ಪ್ರಸಿದ್ಧ ನಟಿ. 1984ರಲ್ಲಿ ಮ್ಯಾಕ್ಸಿಮಿಲಿಯನ್ ಶೆಲ್ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಮುದುಕಿಯಾದ ಆಕೆ ಕರಾರು ಹಾಕಿದರು: ನನ್ನ ಧ್ವನಿ ತಗೊಳ್ಳಿ, ಮುಖ ತೆಗೆಯಕೂಡದು. ಅದಕ್ಕೆ ಎಲ್ಲರೂ ತಲೆಬಾಗಿದರು. ಆ ಚಿತ್ರದಲ್ಲಿ ಆಕೆಯ ಇಂದಿನ ಮುಖವೇ ಇಲ್ಲ. ಆದರೂ ಅದನ್ನು ಲೋಕ ಮೆಚ್ಚಿತು.

ಎರಡನೆಯವರು ಪಿ.ಕೆ. ರೋಸಿ. ಕೇರಳದ ದಲಿತ ಹೆಣ್ಣುಮಗಳು. ಜೆ.ಸಿ. ಡೇನಿಯಲ್ ಮಾಡಿದ ಮಲೆಯಾಳದ ಮೊದಲ ಚಿತ್ರ 'ವಿಗತಕುಮಾರನ್'ನ ನಾಯಕಿ. 1930ರ ಸುಮಾರಿಗೆ ತಿರುವನಂತಪುರದಲ್ಲಿ ಅದು ತೆರೆಕಂಡಾಗ, ಹೊಲೆಯರ ಹುಡುಗಿ ನಾಯರ್ ಹೆಂಗಸಿನ ಪಾರ್ಟು ಮಾಡಿದಳಲ್ಲ ಅಂತ ಮೇಲುಜಾತಿಯವರು ರೊಚ್ಚಿಗೆದ್ದರು, ತೆರೆಗೆ ಕಲ್ಲು ತೂರಿದರು. ರೋಸಿ ಊರು ಬಿಟ್ಟು ಓಡಬೇಕಾಯಿತು. ತಮಿಳುನಾಡಿನ ಕಡೆ ಬೇರೆ ಹೆಸರಿನಲ್ಲಿ ಬಾಳಿದರೆಂದು ಹೇಳುತ್ತಾರೆ. ಆ ಚಿತ್ರದ ಪ್ರತಿ ಇವತ್ತು ಇಲ್ಲ. ಆಕೆಯದೇ ಅಂತ ನಿಶ್ಚಯವಾಗಿ ಹೇಳಬಹುದಾದ ಒಂದು ಫೋಟೋ ಕೂಡ ಇಲ್ಲ.

ಒಬ್ಬರ ಮುಖ ಇಲ್ಲದ್ದು ಅವರು ಬೇಡ ಅಂದದ್ದರಿಂದ. ಇನ್ನೊಬ್ಬರ ಮುಖ ಇಲ್ಲದ್ದು ಲೋಕ ಅಳಿಸಿದ್ದರಿಂದ. ತೆರೆಯ ಮೇಲೆ ಎರಡೂ ಒಂದೇ ಥರದ ಕತ್ತಲು. ನೀತಿಯಲ್ಲಿ ಅಜಗಜಾಂತರ. 'ಬೇಡ' ಅನ್ನುವುದು ಒಂದು ಹಕ್ಕು, ಒಂದು ಆಸ್ತಿ. ಭೂಮಿ, ಅಕ್ಷರ, ನೀರು ಹಂಚಿಕೆಯಾದ ಹಾಗೆಯೇ ಅದೂ ಈ ದೇಶದಲ್ಲಿ ಜಾತಿ ನೋಡಿ ಹಂಚಿಕೆಯಾಗಿದೆ. ನಟನ ಮನೆ ಬಾಗಿಲಲ್ಲಿ ಕ್ಯಾಮರಾ ಅನುಮತಿಗೆ ಕಾಯುತ್ತದೆ. ಕೇರಿಯಲ್ಲಿ ಅದು ಚಪ್ಪಲಿ ಬಿಡದೆ ಅಡಿಗೆಮನೆಗೆ ನುಗ್ಗುತ್ತದೆ.

ಇದಕ್ಕೆ ಎದುರಾಗಿ ನಮ್ಮದೇ ಸೀಮೆಯ ಒಂದು ದೃಶ್ಯವಿದೆ. ಕಂಪ್ಲಿ ಕಡೆ ಹುಟ್ಟಿ ಮರಿಯಮ್ಮನಹಳ್ಳಿಯಲ್ಲಿ ಕಲೆ ಕಲಿತ ಮಂಜಮ್ಮ ಜೋಗತಿ 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದರು. ರಾಷ್ಟ್ರಪತಿಯವರ ಮುಂದೆ ನಿಂತು ಸೆರಗಿನಿಂದ ಅವರ ದೃಷ್ಟಿ ನಿವಾಳಿಸಿದರು. ದೇಶದ ಕ್ಯಾಮರಾಗಳೆಲ್ಲ ಅವತ್ತು ನೋಡಿದ್ದು ಅವರು ತೋರಿಸಬೇಕೆಂದದ್ದನ್ನು. ಬೇಡಿ ಉಂಡ ಜೋಗತಿ ಹರಸುವ ಸ್ಥಾನದಲ್ಲಿ ನಿಂತರು. ಆದರೆ ಅಷ್ಟು ಆಗಲು ಪದಕ ಬೇಕಾಯಿತು ಅನ್ನುವುದನ್ನೂ ಮರೆಯಬಾರದು.

*

ಹೇಗೆ ತೆಗೆಯಬೇಕು ಅನ್ನುವುದಕ್ಕೆ ಒಂದು ದಾರಿ ವಿಚಿತ್ರವಾಗಿ ದೊಡ್ಡ ನಟನೊಬ್ಬನ ಚಿತ್ರದಲ್ಲೇ ಸಿಗುತ್ತದೆ. 1983ರಲ್ಲಿ ಕೆವಿನ್ ಬ್ರೌನ್ಲೋ ಮತ್ತು ಡೇವಿಡ್ ಗಿಲ್ ಚಾಪ್ಲಿನ್ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಅವರು ಚಾಪ್ಲಿನ್ ಬಿಸಾಕಿದ್ದ, ಬಳಸದೆ ಬಿಟ್ಟಿದ್ದ ರೀಲುಗಳನ್ನು ಹುಡುಕಿ ಜೋಡಿಸಿದರು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡಿ, ತಪ್ಪಿ, ಬಿಟ್ಟು, ಬದಲಿಸಿ ಮಾಡುವ ಒಬ್ಬ ಕೆಲಸಗಾರ ಅಲ್ಲಿ ಕಾಣುತ್ತಾನೆ. ಅಲ್ಲಿ ಮೂರ್ತಿ ಇಲ್ಲ, ಕಸುಬು ಇದೆ. ಕಸುಬು ತೋರಿಸಿದರೆ ಪೂಜೆಗೆ ಜಾಗವಿರುವುದಿಲ್ಲ, ಅಯ್ಯೋ ಪಾಪ ಅನ್ನುವುದಕ್ಕೂ ಜಾಗವಿರುವುದಿಲ್ಲ.

ಈಗ ನಮ್ಮ ಸೀಮೆಯ ನಿಜವಾದ ತಾರೆಯ ಮಾತು. ಸಂಡೂರು ತಾಲೂಕಿನ ದರೋಜಿಯ ಈರಮ್ಮ. ಬುಡ್ಗ ಜಂಗಮರ ಅಲೆಮಾರಿ ಮನೆಯವರು. ಅಕ್ಷರ ಕಲಿತವರಲ್ಲ. ಹನ್ನೆರಡು ಮಹಾಕಾವ್ಯಗಳು ಅವರ ಬಾಯಲ್ಲಿದ್ದವು. ಎರಡು ಲಕ್ಷ ಪದ, ಅಚ್ಚಾದರೆ ಏಳು ಸಾವಿರ ಪುಟ ಅಂತ ವಿದ್ವಾಂಸರ ಲೆಕ್ಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಅಂತ ಗೌರವಿಸಿತು. 2014ರ ಆಗಸ್ಟಿನಲ್ಲಿ ತೀರಿಕೊಂಡರು. ಅವರು ಹಾಡುತ್ತಿದ್ದ ಕಾವ್ಯಗಳಲ್ಲಿ ಕುಮಾರರಾಮನದೂ ಒಂದು. ನಮ್ಮ ಕಂಪ್ಲಿಯ ಕಂಪಿಲರಾಯನ ಮಗ, ಹದಿನಾಲ್ಕನೇ ಶತಮಾನದಲ್ಲಿ ದೆಹಲಿಯ ಸೈನ್ಯದೆದುರು ಬಿದ್ದವನು. ಅದೇ ಕುಮಾರರಾಮನ ಮೇಲೆ ಎಚ್.ಆರ್. ಭಾರ್ಗವ ನಿರ್ದೇಶನದಲ್ಲಿ ಶಿವರಾಜಕುಮಾರ್ ನಟಿಸಿದ 'ಗಂಡುಗಲಿ ಕುಮಾರರಾಮ' ಸಿನಿಮಾ ಬಂತು. ಕಂಪ್ಲಿ ಸೀಮೆಯ ಹುಡುಗನಿಗೆ ಕುಮಾರರಾಮ ಅಂದರೆ ಈಗ ಆ ನಟನ ಮುಖ. ನೂರಾರು ವರ್ಷ ಆ ವೀರನನ್ನು ಸಾಯಲು ಬಿಡದೆ, ಊರೂರು ತಿರುಗಿ, ಜೋಳ ಬೇಡಿ, ಬಾಯಿಂದ ಬಾಯಿಗೆ ದಾಟಿಸಿದವರು ಯಾರು? ಆ ಸಿನಿಮಾಕ್ಕೆ ಕತೆ ಉಳಿಸಿಕೊಟ್ಟವರು ಯಾರು? ಈರಮ್ಮನಂಥವರ ಮೇಲೆ ಚಿತ್ರ ಮಾಡುವವರು ಅವರ ಗುಡಿಸಿಲನ್ನಲ್ಲ, ನೆನಪನ್ನು ತೆಗೆಯಲಿ. ಏಳು ಸಾವಿರ ಪುಟ ಒಂದು ತಲೆಯಲ್ಲಿ ಹ್ಯಾಗೆ ನಿಲ್ಲುತ್ತದೆ, ಎಲ್ಲಿ ಉಸಿರು ತಗೊಳ್ಳುತ್ತಾರೆ, ಮರೆತಾಗ ಏನು ಮಾಡುತ್ತಾರೆ, ಯಾವ ಊರಲ್ಲಿ ಯಾವ ಭಾಗ ಬಿಡುತ್ತಾರೆ, ಯಾಕೆ. ಇವು ಚಾಪ್ಲಿನ್ನನಿಗೆ ಕೇಳಿದ ಪ್ರಶ್ನೆಗಳೇ. ನಮ್ಮವರಿಗೆ ಕೇಳಲು ಯಾಕೆ ಹೊಳೆಯಲಿಲ್ಲ?

*

ಇಲ್ಲಿ ನಮ್ಮ ಗುಂಪಿನ ಒಬ್ಬ ಮೇಷ್ಟ್ರು ಎತ್ತಿದ ತಕರಾರನ್ನು ಹೇಳಲೇಬೇಕು. "ಆ ತಾಯಿಗೆ ನಾಚಿಕೆ ಆಗುತ್ತದೆ ಅಂತ ಕೌದಿ ಮುಚ್ಚಿದರೆ ಬಡತನವನ್ನೇ ಮುಚ್ಚಿದಂತಾಯಿತಲ್ಲ? ಆಳುವವರಿಗೆ ಬೇಕಾದ್ದೂ ಅದೇ. ಆಮೇಲೆ ನಾವೂ ನಟನ ಮಕ್ಕಳ ಹಾಗೆ ಹೊಳಪಿನ ಚಿತ್ರ ಮಾಡುವವರಾಗುತ್ತೇವೆ."

ತಕರಾರು ಗಟ್ಟಿಯಾದದ್ದು. ನಾವು ಕಂಡುಕೊಂಡ ಉತ್ತರ ಇಷ್ಟು. ಕೌದಿ ಹರಿದದ್ದು ಸತ್ಯ. ಆದರೆ ಅದು ಆ ತಾಯಿಯ ಬದುಕಿನ ಸತ್ಯವಾಗುವ ಮೊದಲು ಇನ್ಯಾರದೋ ಸತ್ಯ. ಕಲಾವಿದರ ಮಾಸಾಶನದ ಅರ್ಜಿ ಯಾವುದೋ ಕಚೇರಿಯ ಕಪಾಟಿನಲ್ಲಿದೆ, ಆ ಕಪಾಟನ್ನು ತೆಗೆಯಿರಿ. ಮನೆ ಮಂಜೂರಿಯ ಪಟ್ಟಿಯಲ್ಲಿ ಕೇರಿಯ ಹೆಸರು ಯಾಕೆ ಕೊನೆಗೆ ಬರುತ್ತದೆ, ಆ ಪಟ್ಟಿ ತೋರಿಸಿರಿ. ಅವರ ಪಾರ್ಟು ನೋಡಲು ಮುಂದಿನ ಕುರ್ಚಿಯಲ್ಲಿ ಕೂತು, ಬೆಳಗಾದ ಮೇಲೆ ಅವರಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟವರು ಇನ್ನೂ ಬದುಕಿದ್ದಾರೆ, ಅವರನ್ನು ಕೂರಿಸಿ ಕೇಳಿರಿ. ಬಡತನವನ್ನು ತೋರಿಸುವುದೆಂದರೆ ಬಡವರನ್ನು ತೋರಿಸುವುದಲ್ಲ, ಬಡತನ ಮಾಡುವವರನ್ನು ತೋರಿಸುವುದು. ಅದಕ್ಕೆ ಧೈರ್ಯ ಬೇಕು. ಹರಕು ಕೌದಿ ತೋರಿಸಲು ಧೈರ್ಯ ಬೇಕಾಗಿಲ್ಲ, ಯಾಕೆಂದರೆ ಆ ಕೌದಿಯ ಒಡತಿ ನಮ್ಮ ಮೇಲೆ ಕೇಸು ಹಾಕುವುದಿಲ್ಲ.

ಇನ್ನು ನಾಚಿಕೆ. "ಅದರಲ್ಲಿ ನಾಚಿಕೆ ಪಡುವಂಥದ್ದೇನು ಅವ್ವಾ, ನಾಚಬೇಕಾದವರು ಅವರು" ಅಂತ ನಾವು ಅವತ್ತು ಕಟ್ಟೆಯ ಮೇಲೆ ಹೇಳಿದೆವು. ಮಾತು ಸಿದ್ಧಾಂತಕ್ಕೆ ಸರಿ. ಆದರೆ ಇನ್ನೊಬ್ಬರ ಎದೆಯೊಳಗಿನ ನಾಚಿಕೆಯನ್ನು ಸಿದ್ಧಾಂತ ಹೇಳಿ ತೆಗೆಯಲು ಬರುವುದಿಲ್ಲ. ಅವರು ಇಳಕಲ್ ಸೀರೆ ಉಟ್ಟು ಬಂದಾಗಲೇ ನಮಗೆ ಹೇಳಿದ್ದರು, ತಮ್ಮನ್ನು ಹ್ಯಾಗೆ ನೋಡಬೇಕು ಅಂತ. ಕೇಳುವ ಕಿವಿ ನಮ್ಮಲ್ಲಿರಲಿಲ್ಲ.

ಹದಿನೈದು ದಿನ ಬಿಟ್ಟು ಆ ಹುಡುಗನನ್ನು ಕರಕೊಂಡು ನಾವು ಮತ್ತೆ ಹೋದೆವು. ಅವನು ತಪ್ಪಾಯಿತು ಅಂದ. ಆ ತಾಯಿ ಬೈಯಲಿಲ್ಲ. "ಅಳಸ್ಯೇನಪ್ಪಾ ಅದನ್ನ?" ಅಂತಷ್ಟೇ ಕೇಳಿದರು. ನಮ್ಮ ಹತ್ತಿರ ಇದ್ದದ್ದನ್ನು ಅಳಿಸಿದ್ದೆವು. ಆದರೆ ಅವನು ಅದನ್ನು ಮೊದಲೇ ನಾಲ್ಕು ಜನಕ್ಕೆ ಕಳಿಸಿದ್ದ, ಆ ನಾಲ್ವರು ಇನ್ಯಾರಿಗೆ ಕಳಿಸಿದರೋ. ಅದನ್ನೂ ಮುಚ್ಚಿಡದೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೊಸದಾಗಿ ತೆಗೆಯೋಣವೇ ಅಂತ ಕೇಳಿದ್ದಕ್ಕೆ, "ಈಗ ಬ್ಯಾಡ ತಮ್ಮಾ. ಮನಸು ಬಂದರ ನಾನ ಹೇಳಿ ಕಳಸ್ತೀನಿ" ಅಂದರು. ಇನ್ನೂ ಹೇಳಿ ಕಳಿಸಿಲ್ಲ. ಕಾಯುತ್ತಿದ್ದೇವೆ. ಬಾರದಿದ್ದರೆ ಆ ಚಿತ್ರ ಇಲ್ಲ.

ಈ ಪತ್ರಿಕೆ ಓದುವ ಮೇಷ್ಟ್ರುಗಳ, ವಿದ್ಯಾರ್ಥಿಗಳ ಕೈಯಲ್ಲಿ ಇವತ್ತು ಒಂದೊಂದು ಕ್ಯಾಮರಾ ಇದೆ. ಹಿಂದೆ ಸರ್ಕಾರದ ಫಿಲ್ಮ್ಸ್ ಡಿವಿಜನ್ ಮಾಡಿದ್ದನ್ನು ಸಿನಿಮಾಕ್ಕೆ ಮೊದಲು ಟೆಂಟಿನಲ್ಲಿ ಕೂತು ನೋಡುವುದಷ್ಟೇ ನಮ್ಮ ಪಾಲಿಗಿತ್ತು. ಈಗ ತೆಗೆಯುವ ಸರದಿ ನಮ್ಮದು. ತೆಗೆಯಿರಿ. ಆದರೆ ಮೊದಲು ಕೇಳಿರಿ, ತೆಗೆದದ್ದನ್ನು ಊರಿಗೆ ತೋರಿಸುವ ಮೊದಲು ಅವರಿಗೇ ತೋರಿಸಿರಿ, ಬೇಡ ಅಂದರೆ ಬಿಡಿರಿ. ಅವರ ಕಸುಬಿಗೆ ಕೊಡುವ ಹೊತ್ತು ಅವರ ಕಣ್ಣೀರಿಗೆ ಕೊಡುವ ಹೊತ್ತಿಗಿಂತ ಹೆಚ್ಚಾಗಿರಲಿ. ದೊಡ್ಡ ನಟನಿಗೆ ಲೋಕ ಕೇಳದೆಯೇ ಕೊಡುವ ಮರ್ಯಾದೆ ಇಷ್ಟೇ. ಅದನ್ನು ನಮ್ಮ ಕೇರಿಯ ನಟಿಗೆ ನಾವೇ ಕೊಡದಿದ್ದರೆ ಇನ್ಯಾರ ಹತ್ತಿರ ಕೇಳಲು ಹೋಗುವುದು?